ಸಮ್ರೀನ ಕೂತಾಗ ಆರುವ ಮಶೀನು

ಜನವರಿ 9, ಗುರುವಾರ

…ಅಲ್ಲ, ತಪ್ಪಾಯಿತು, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಹೇಳುತ್ತ ಹೇಳುತ್ತ ಎಲ್ಲಿಗೋ ಹೋಗಿಬಿಟ್ಟೆ, ಆಗ ಹೇಳಿದ್ದನ್ನೆಲ್ಲ ಅಳಿಸಿದೆ. ಯಾರ ಕ್ಷಮೆ ಕೇಳುತ್ತಿದ್ದೇನೋ ಗೊತ್ತಿಲ್ಲ, ಇದನ್ನು ಕೇಳುವವನು ನಾನೊಬ್ಬನೇ. ರಿಪೇರಿಗೆ ಬಂದ ಮಶೀನಿನ ರೋಗವನ್ನು ಫೋನಿನಲ್ಲಿ ಹೇಳಿಟ್ಟುಕೊಳ್ಳುವುದು ನನ್ನ ರೂಢಿ. ಬರೆಯಲು ಕೂತರೆ ಕೈ ನಿಧಾನ, ಬಾಯಿ ಚುರುಕು. ಆದರೆ ಫೋನು ಹಿಡಿದ ಕೂಡಲೇ ಅದೇಕೋ ಪುಸ್ತಕದ ಭಾಷೆ ಬಂದುಬಿಡುತ್ತದೆ. ನನ್ನ ಹೆಂಡತಿ ಇಂದ್ರವ್ವ ಒಮ್ಮೆ ಅಡುಗೆಮನೆಯಿಂದಲೇ ಕೇಳಿಸಿಕೊಂಡು, "ಯಾರ ಜೋಡಿ ಮಾತಾಡಾಕತ್ತೀರಿ? ಧಾರವಾಡ ರೇಡಿಯೋದಾಗ ನೌಕರಿ ಸಿಕ್ಕೇತೇನ?" ಎಂದಿದ್ದಳು.

ಮಶೀನು, ಅಂದರೆ ಕಂಪ್ಯೂಟರು, ಮುದಲಗಿಯದು. ಸೈಫಅಲಿಯದು. ಮನೆಯ ಮುಂದಿನ ಕೋಣೆಯಲ್ಲಿ ಝೆರಾಕ್ಸು, ಆನ್‌ಲೈನ್ ಅರ್ಜಿ, ಪಹಣಿ ತೆಗೆದುಕೊಡುವುದು ಅವನ ದಂಧೆ. ದಂಧೆಯಾಗಿತ್ತು ಎನ್ನಬೇಕು. ದೀಪಾವಳಿ ಮುಗಿದ ಮೇಲೆ ಹುಕ್ಕೇರಿಯಿಂದ ಬರುತ್ತಿದ್ದಾಗ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ಹೋಗಿಬಿಟ್ಟ. ಮೂವತ್ತು ದಾಟಿತ್ತೋ ಇಲ್ಲವೋ. ಒಳ್ಳೆಯ ಗಿರಾಕಿ. ಗಿರಾಕಿ, ಅಷ್ಟೇ.

ಈಗ ಆ ಕೆಲಸವನ್ನು ಅವನ ಹೆಂಡತಿ ಸಮ್ರೀನ ಮಾಡುತ್ತಿದ್ದಾಳೆ. ಅವಳು ಇದ್ದತ್ತಿನಲ್ಲಿದ್ದಾಳೆ. ಅಂದರೆ ಗಂಡ ತೀರಿಕೊಂಡ ಮೇಲೆ ಕೆಲವು ತಿಂಗಳು ಮನೆ ಬಿಟ್ಟು ಹೋಗುವಂತಿಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಅದಕ್ಕೇ ಕೋಣೆಯ ನಡುವೆ ತಂತಿ ಕಟ್ಟಿ ಪರದೆ ಹಾಕಿದ್ದಾರೆ. ಆಚೆ ಅವಳು ಮತ್ತು ಮಶೀನು, ಈಚೆ ಗಿರಾಕಿಗಳು. ಆಧಾರ್ ಕಾರ್ಡು ಪರದೆಯ ಕೆಳಗಿನಿಂದ ಒಳಗೆ ಹೋಗುತ್ತದೆ, ಅದರ ಝೆರಾಕ್ಸು ಪರದೆಯ ಕೆಳಗಿನಿಂದಲೇ ಹೊರಗೆ ಬರುತ್ತದೆ.

ರೋಗ ಇಷ್ಟು: ಮಶೀನು ಚೆನ್ನಾಗಿ ಓಡುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಪಟ್ಟನೆ ಆರಿಹೋಗುತ್ತದೆ. ಸಮ್ರೀನ ಕೂತಾಗ ಮಾತ್ರ. ಅವಳ ಮೈದುನ ಅರ್ಫಾತ ಅದೇ ಕುರ್ಚಿಯಲ್ಲಿ ಕೂತು ಮಧ್ಯಾಹ್ನವೆಲ್ಲ ಕ್ರಿಕೆಟ್ ನೋಡಿದರೂ ಏನೂ ಆಗುವುದಿಲ್ಲ.

ಸೈಫನ ತಾಯಿ ಸುಲ್ತಾನಾಬಿ ನನ್ನನ್ನು ಬಾಗಿಲಲ್ಲೇ ತಡೆದಳು.

"ಬಾಳೇಶ, ಇದು ನಿನ್ನ ಕೈಗೆ ಸಿಗೂ ರೋಗ ಅಲ್ಲಪಾ. ನನ್ನ ಮಗನ ಕೆಲಸ ಇದು. ಹೇಣ್ತಿ ಮಂದಿ ಮುಂದ ಅಂಗಡಿ ಹಚ್ಚಿ ಕುಂಡ್ರೂದು ಅಂವಗ ಮನಸಿಲ್ಲ."

"ಚಾಚಿ, ಮಶೀನಿಗೆ ಗಂಡಸು ಹೆಂಗಸು ಗೊತ್ತಾಗೂದಿಲ್ರಿ."

"ಮಶೀನಿಗೆ ಗೊತ್ತಾಗೂದಿಲ್ಲ, ನನ್ನ ಮಗಗ ಗೊತ್ತಾಗತೈತಿ. ಕೇಳ್ ಇಲ್ಲೆ. ಇದ್ದತ್ ಮುಗದ ಮ್ಯಾಲ ಹುಕ್ಕೇರಿಂದ ಆಕಿ ಅಪ್ಪ ಕರಿಯಾಕ ಬರ್ತಾನ. ಅಲ್ಲೀತನಾ ಮಶೀನ ಆಕಿ ಕೈಯಾಗ ನಡೀತಂದ್ರ ಇಲ್ಲೇ ಇರ್ಲಿ, ಸೈಫನ ಖುರ್ಚಿ ಆಕೀದು. ನಡೀಲಿಲ್ಲಂದ್ರ ಅಂವನ ಒಪ್ಪಿಗಿ ಇಲ್ಲಂತ ತಿಳದು ಕಳಿಸಿಬಿಡ್ತೇನಿ."

ಒಳಗಿನ ಕೋಣೆಯಿಂದ ಸಮ್ರೀನಳ ದನಿ ಬಂತು, ಮುಖ ಬರಲಿಲ್ಲ. "ಕಾಕಾ, ನಾ ಏನೂ ತಪ್ಪು ಒತ್ತಾಕತ್ತಿಲ್ರಿ. ಇಷ್ಟ ದಿನಾ ಅರ್ಧಾ ಕೆಲಸ ನಾನ ಮಾಡ್ತಿದ್ನಿ. ಹುಕ್ಕೇರಿಗೆ ಹೋಗಿ ನಾ ಏನ್ ಮಾಡ್ಲಿ? ಅಣ್ಣನ ಹೇಣ್ತಿ ನಾದಿದ ಹಿಟ್ಟು ಸರಿ ಐತೋ ಇಲ್ಲೋ ಅಂತ ನೋಡ್ಕೋತ ಕುಂಡ್ರಲೇನ್ರಿ?"

ನನಗೆ ನಗು ಬಂತು. ಸುಲ್ತಾನಾಬಿಗೆ ಬರಲಿಲ್ಲ. ಕ್ಯಾಬಿನೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಗೋಕಾಕದ ಬಸ್ಸು ಹತ್ತಿದೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಅಂಗಡಿ ಅರ್ಧ ತೆರೆದಿದ್ದೇನೆ. ಸೈಫನ ಮಶೀನು ಬಂದಾಗಿನಿಂದ ಓಡುತ್ತಿದೆ, ಒಮ್ಮೆಯೂ ಆರಿಲ್ಲ.

ಹೀಗೆ ಪಟ್ಟನೆ ಆರಿದರೆ ಮೊದಲು ಸಂಶಯ ಬರುವುದು ಎಸ್‌ಎಂಪಿಎಸ್ ಮೇಲೆ. ಗೋಡೆಯ ಕರೆಂಟನ್ನು ಇಳಿಸಿ ಮಶೀನಿಗೆ ಹದವಾಗಿ ಉಣಿಸುವ ತಗಡಿನ ಡಬ್ಬಿ ಅದು. ಅದು ಬಿಟ್ಟರೆ ಕಂಪ್ಯೂಟರು ಬರಿಯ ಪೆಟ್ಟಿಗೆ. ವಾಯರು ಬದಲಿಸಿದೆ. ಡಬ್ಬಿಯನ್ನು ಬಿಡಿಸಿ, ಹಸಿರು ತಂತಿಯನ್ನು ಕರಿ ತಂತಿಗೆ ಮುಟ್ಟಿಸಿ ಎಬ್ಬಿಸಿದೆ, ಫ್ಯಾನು ತಿರುಗಿತು. ಹಳದಿ ತಂತಿಗೆ ಮೀಟರು ಹಿಡಿದೆ, ಹನ್ನೆರಡು ವೋಲ್ಟು. ಕೆಂಪಿಗೆ ಹಿಡಿದೆ, ಐದು. ಎರಡೂ ಸರಿ. ಎಲ್ಲ ಸರಿ ಇರುವ ರೋಗಿಯ ಹತ್ತಿರ ಡಾಕ್ಟರು ಎಷ್ಟು ಹೊತ್ತು ಕೂರಬೇಕು?

ಮಧ್ಯಾಹ್ನ ಎದುರಿನ ಹೋಟೆಲಿಗೆ ಕೂಗಿ ಚಹಾ ಹೇಳಿದೆ. ಎರಡು ಬಂತು. "ನಾ ಒಂದ ಹೇಳಿದ್ನೆಲ್ಲೋ" ಎಂದು ಜಗಳ ತೆಗೆದೆ. "ಎರಡ ಅಂದ್ರಿ ಕಾಕಾ, ಬೆರಳೂ ತೋರ್ಸಿದ್ರಿ" ಎಂದ ಚಹಾ ತಂದ ಹುಡುಗ. ಸೈಫ ಗೋಕಾಕಕ್ಕೆ ಬಂದರೆ ಈ ಬೆಂಚಿನ ಮೇಲೇ ಕೂರುತ್ತಿದ್ದ. ರೂಢಿ, ಬೇರೇನಿಲ್ಲ. ಎರಡನ್ನೂ ನಾನೇ ಕುಡಿದೆ.

ಜನವರಿ 17, ಶುಕ್ರವಾರ

ಮುದಲಗಿಗೆ ಹೋಗಿ ಜೋಡಿಸಿ ಬಂದೆ. ನಾನು ಬರುತ್ತೇನೆಂದು ಅರ್ಫಾತ ಮೊದಲೇ ಪರದೆಯನ್ನು ಗೋಡೆಯ ಕಡೆಗೆ ಸರಿಸಿ, ಅತ್ತಿಗೆಯನ್ನು ಒಳಗೆ ಕಳಿಸಿದ್ದ. ಮಶೀನಿನ ಮುಂದೆ ನಾನು ಕೂತೆ. ಪ್ರಿಂಟರು ಓಡಿಸಿದೆ, ಸ್ಕ್ಯಾನರು ಓಡಿಸಿದೆ. ಸುಲ್ತಾನಾಬಿ ಹೊಸ್ತಿಲ ಮೇಲೆ ಕೂತು ಜಪಮಣಿ ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದಳು. ಏನೂ ಆಗಲಿಲ್ಲ.

ಬಸ್ಸು ಅರಭಾವಿಯಲ್ಲಿ ನಿಂತು ಕಾಲೇಜಿನ ಹುಡುಗರು ಹತ್ತುತ್ತಿದ್ದಾಗ ಅರ್ಫಾತನ ಫೋನು. "ಕಾಕಾ, ನೀವ ಹೋದ್ರಿ, ಭಾಬಿ ಬಂದು ಕುಂತ್ರು. ಒಂದ ಜಾತಿ ಸರ್ಟಿಫಿಕೇಟಿನ ಅರ್ಜಿ ಮುಗಿಯೂದ್ರಾಗ ಹೋತ ನೋಡ್ರಿ."

ಹಿಂದಿನಿಂದ ತಾಯಿಯ ದನಿ ಕೇಳುತ್ತಿತ್ತು: "ನಾ ಹೇಳಿರಲಿಲ್ಲ?"

ಜನವರಿ 21, ಮಂಗಳವಾರ

ಸಿಕ್ಕಿತು ಕಳ್ಳ. ಈ ಸಲ ಡಬ್ಬಿಯ ಮುಚ್ಚಳ ಬಿಚ್ಚಿ ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಒಂದು ಮೂಲೆಯಲ್ಲಿ ಕರೆಂಟು ಹಿಡಿದಿಡುವ ಕೆಪಾಸಿಟರುಗಳ ತಲೆ ಸ್ವಲ್ಪ ಉಬ್ಬಿದೆ, ಹುಡುಕುವ ಕಣ್ಣಿಗೆ ಕಾಣುವಷ್ಟೇ. ತಣ್ಣಗಿದ್ದಾಗ ದುಡಿಯುತ್ತದೆ, ಕಾದರೆ ಕೈಬಿಡುತ್ತದೆ. ಇಷ್ಟೇ ಕಥೆ. ನನ್ನ ಅಂಗಡಿಯಲ್ಲಿದ್ದ, ಪರೀಕ್ಷೆ ಮಾಡಿಟ್ಟಿದ್ದ ಬೇರೆ ಎಸ್‌ಎಂಪಿಎಸ್ ಕೂರಿಸಿ ಬಂದೆ. ಸುಲ್ತಾನಾಬಿಗೆ ಆ ಉಬ್ಬಿದ ತಲೆಗಳನ್ನು ತೋರಿಸಿ, "ಚಾಚಿ, ಇದ ನೋಡ್ರಿ ನಿಮ್ಮ ದೆವ್ವ" ಎಂದೆ. ಹಾಗೆ ಅನ್ನಬಾರದಿತ್ತು. ಅವಳ ಮುಖ ನೋಡಿದ ಮೇಲೆ ತಿಳಿಯಿತು, ಅವಳು ದೆವ್ವವೆಂದು ಒಮ್ಮೆಯೂ ಹೇಳಿರಲಿಲ್ಲ. ಮಗ ಎಂದಿದ್ದಳು.

ಜನವರಿ 24, ಶುಕ್ರವಾರ

ಆ ಡಬ್ಬಿಯೂ ಆರಿತು. ಹಳೆಯದಕ್ಕಿಂತ ಹೆಚ್ಚು ಹೊತ್ತು ತಡೆಯಿತಂತೆ, ಆಮೇಲೆ ಅದೂ ಪಟ್. ಅವಳು ಕೂತಾಗಲೇ.

ನನ್ನ ಕೈಯಾರೆ ನೋಡಿ ಕೂರಿಸಿದ ಡಬ್ಬಿ ಅದು. ಇವತ್ತು ಹೆಚ್ಚು ಹೇಳಲು ಏನೂ ಇಲ್ಲ.

ಜನವರಿ 28, ಮಂಗಳವಾರ

ಅಂಗಡಿಯಲ್ಲಿ ಒಬ್ಬನೇ ಇದ್ದೇನೆ. ಹಾಡಹಗಲು. ಬಿಚ್ಚಿಟ್ಟ ಹಳೆಯ ಎಸ್‌ಎಂಪಿಎಸ್ ಮೇಜಿನ ಮೇಲಿದೆ, ಅದಕ್ಕೆ ಯಾವ ತಂತಿಯೂ ಇಲ್ಲ. ಈಗ ಸ್ವಲ್ಪ ಮುಂಚೆ ಅದರ ಫ್ಯಾನು ತಿರುಗಿತು. ಮೆಲ್ಲಗೆ, ಒಂದೂವರೆ ಸುತ್ತು. ಬಾಗಿಲ ಗಾಳಿ ಎಂದು ಗೊತ್ತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತೆ. ಆಮೇಲೆ ತಿರುಗಲಿಲ್ಲ. ತಿರುಗಬಹುದೇ ಎಂದು ಊಟದ ಹೊತ್ತಿನ ತನಕ ಕಾದು ಕೂತಿದ್ದೆ. ಬಾಗಿಲು ಮುಚ್ಚಿದವನೂ ನಾನೇ, ಕಾದವನೂ ನಾನೇ.

ಇಂದ್ರವ್ವ ನಿನ್ನೆ, "ಅಷ್ಟ್ಯಾಕ ಒದ್ದಾಡ್ತೀರಿ, ಒಂದ ನಿಂಬಿಹಣ್ಣ ಕಟ್ಟಿ ಬರ್ರಿ ಅದಕ" ಎಂದಳು. "ಅವರ ಮನ್ಯಾಗ ನಿಂಬಿಹಣ್ಣ ನಡೀತೈತೇನ?" ಎಂದೆ. "ಕರೆಂಟಿಗೆ ಯಾವ ಜಾತಿರಿ?" ಎಂದಳು. ನಗಬೇಕಿತ್ತು. ಇವತ್ತು ಚೀಲಕ್ಕೆ ಕೈ ಹಾಕಿದರೆ ಮೀಟರಿನ ಜೊತೆ ನಿಂಬೆಹಣ್ಣು. ಅವಳೇ ಇಟ್ಟಿದ್ದಾಳೆ. ನಾನು ತೆಗೆದುಹಾಕಲಿಲ್ಲ.

ಸಮ್ರೀನಳ ಅಪ್ಪ ಹುಕ್ಕೇರಿಯಿಂದ ಮೊನ್ನೆ ಬಂದು ಹೋದನಂತೆ. ಅವಳ ಬಟ್ಟೆಯ ಟ್ರಂಕನ್ನು ಮೊದಲೇ ಗಾಡಿಗೆ ಹಾಕಿಕೊಂಡು ಹೋಗಿದ್ದಾನೆ, ಇನ್ನುಳಿದದ್ದು ಅವಳೊಬ್ಬಳೇ. ಅರ್ಫಾತ ಮಶೀನಿಗೆ ಗಿರಾಕಿ ನೋಡಲೇ ಎಂದು ಕೇಳಿದ.

ನೀನೇ ಹೇಳಪ್ಪ ಈಗ, ಸೈಫಾ. ನಿನಗೆ ನಿಜವಾಗಿ ಮನಸ್ಸಿಲ್ಲವೇ? ನಿನಗೆ ಟೈಪು ಮಾಡಲು ಬೇಸರವಾದಾಗೆಲ್ಲ, "ನಮ್ಮಾಕಿ ನನಗಿಂತ ಲಗೂ ಹೊಡೀತಾಳ್ರಿ" ಎಂದು ಈ ಬೆಂಚಿನ ಮೇಲೆ ಕೂತು ಹೇಳುತ್ತಿದ್ದವನು ನೀನಲ್ಲವೇ?

ಫೆಬ್ರುವರಿ 2, ಭಾನುವಾರ

ನಿನ್ನೆ ಒಂದು ಯುಕ್ತಿ ಹೊಳೆಯಿತು. ನಾನು ಅಲ್ಲಿದ್ದರೆ ಅದು ಆರುವುದಿಲ್ಲ. ಹಾಗಾದರೆ ನಾನು ಇಲ್ಲದಾಗ ಅಲ್ಲಿ ಏನಾಗುತ್ತದೆಂದು ಕೇಳಬೇಕು. ಅರ್ಫಾತನಿಗೆ ಹೇಳಿದೆ: ನಿನ್ನ ಫೋನನ್ನು ಮಶೀನಿನ ಪಕ್ಕದಲ್ಲಿ ಇಟ್ಟು, ಧ್ವನಿ ಹಿಡಿಯಲು ಹಚ್ಚಿ, ನೀನು ಹೊರಗೆ ಹೋಗು. ಭಾಬಿ ಎಂದಿನಂತೆ ಕೆಲಸ ಮಾಡಲಿ.

ಇವತ್ತು ಅದನ್ನು ಕಳಿಸಿದ. ಕಿವಿಗೆ ಇಯರ್‌ಫೋನು ತುರುಕಿಕೊಂಡು ಕೇಳಿದೆ. ಮೊದಲು ಫ್ಯಾನಿನ ಸದ್ದು, ನಿರಾಳವಾಗಿ, ಹಗುರವಾಗಿ. ಕುರ್ಚಿ ಎಳೆದದ್ದು. ಸಮ್ರೀನ ಮೆಲ್ಲಗೆ "ಬಿಸ್ಮಿಲ್ಲಾ" ಎಂದದ್ದು. ಆಮೇಲೆ ತಂತಿಯ ಮೇಲೆ ಬಳೆ ಸರಿದಂತೆ ಚರ್ರ್ ಎಂಬ ಸದ್ದು. ಅಲ್ಲಿಂದ ಫ್ಯಾನಿನ ದನಿಯೇ ಬೇರೆ. ಬಾಯಿಗೆ ಕೈ ಅಡ್ಡ ಹಿಡಿದವನು ಉಸಿರಾಡಿದ ಹಾಗೆ. ಕೀಬೋರ್ಡಿನ ಟಕಟಕದ ಹಿಂದೆ ಆ ಉಸಿರು ಭಾರವಾಗುತ್ತ, ಮೇಲೇರುತ್ತ, ಸಿಳ್ಳೆಯಂತಾಗುತ್ತ ಹೋಗಿ… ಟಪ್. ಆಮೇಲೆ ಏನೂ ಇಲ್ಲ. ಹುಡುಗಿ ಅಳಲಿಲ್ಲ. ಒಂದೇ ಮಾತು ಕೇಳಿದಳು, ನನ್ನನ್ನಲ್ಲ, ಯಾರನ್ನೋ: "ಯಾಕ್ರೀ?"

ಇಯರ್‌ಫೋನು ಕಿತ್ತು ಇಟ್ಟೆ. ಸೈಫಾ, ಅದು ನಿನ್ನ ಉಸಿರು ಎಂದೇ ತಿಳಿದೆ.

ಮತ್ತೆ ಹಾಕಿದೆ. ಮತ್ತೆ. ಆ ಚರ್ರ್ ಸದ್ದಿಗೆ ಬಂದು ನಿಲ್ಲಿಸಿದೆ. ಪರದೆಯ ಉಂಗುರಗಳು. ನಾನು ಹೋದಾಗೆಲ್ಲ ಪರದೆ ಗೋಡೆಯ ಕಡೆಗೆ ಸರಿದಿರುತ್ತದೆ, ಏಕೆಂದರೆ ಮರ್ಯಾದೆಗೆ ಅವಳು ಒಳಗೆ ಹೋಗಿರುತ್ತಾಳೆ. ಅರ್ಫಾತ ಕೂತಾಗ ಪರದೆ ಬೇಕಿಲ್ಲ. ಪರದೆ ಎಳೆಯುವುದು ಅವಳು ಕೂತಾಗ ಮಾತ್ರ. ನನಗೆ ಎಂದೂ ಕಾಣದ್ದು ಅದೊಂದೇ.

ಫೆಬ್ರುವರಿ 4, ಮಂಗಳವಾರ

ಮುದಲಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೇನೆ. ಒಂದು ಬಸ್ಸು ಹೋಯಿತು, ಹೋಗಲಿ.

ಬೆಳಿಗ್ಗೆ ಹೋದವನೇ ಹೇಳಿದೆ: "ಚಾಚಿ, ಇವತ್ತ ನಾ ರಿಪೇರಿಯಂವ ಅಲ್ಲ, ಗಿರಾಕಿ. ನಂಗೊಂದ ಪಹಣಿ ಬೇಕು. ಪರದೆ ಎಳೀಲಿ, ಮಗಳು ಕುಂಡ್ರಲಿ." ಸುಲ್ತಾನಾಬಿ ಸಂಶಯದಿಂದ ನೋಡಿದಳು, ಆದರೆ ಒಪ್ಪಿದಳು. ಸಮ್ರೀನ ಆಚೆಯಿಂದ ಬಂದು ಪರದೆ ಎಳೆದಳು. ನಾನು ಈಚೆ ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ.

ಆಗ ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದೆ. ಅದು ಪರದೆಯ ಬಟ್ಟೆಯೇ ಅಲ್ಲ, ಕೌದಿ. ಹಾಸಿ ಹೊದೆಯುವ, ಪದರದ ಮೇಲೆ ಪದರ ಇಟ್ಟು ಹೊಲಿದ ದಪ್ಪ ಕೌದಿ. ಮೊದಲು ತೆಳ್ಳನೆಯ ಸೀರೆ ಕಟ್ಟಿದ್ದರಂತೆ, ಮಶೀನಿನ ಬೆಳಕಿಗೆ ಅವಳ ನೆರಳು ಗಂಡಸರಿಗೆ ಕಾಣುತ್ತದೆಂದು ಅದನ್ನು ತೆಗೆದು ಸುಲ್ತಾನಾಬಿ ಇದನ್ನು ಹಾಕಿಸಿದಳಂತೆ. ಕ್ಯಾಬಿನೆಟ್ಟಿನ ಬೆನ್ನು ನಮ್ಮ ಕಡೆಗಿದೆ. ಬಿಸಿಗಾಳಿ ಹೊರಗೆ ಬರುವ ಜಾಗಕ್ಕೇ ಕೌದಿ ಅಂಟಿ ನಿಂತಿದೆ.

ಕೌದಿಯ ತುಂಡುಗಳನ್ನು ನೋಡುತ್ತ ಹೋದೆ. ಬಿಳಿ ಜುಬ್ಬಾ. ಕಂದು ಪ್ಯಾಂಟು. ನೀಲಿ ಚೌಕಡಿಯ ಅಂಗಿ, ಅದು ನನ್ನ ಅಂಗಡಿಗೆ ಎಷ್ಟು ಸಲ ಬಂದಿತ್ತೋ. ಸತ್ತವರ ಬಟ್ಟೆಯನ್ನು ಬಡವರಿಗೆ ಕೊಟ್ಟುಬಿಡಬೇಕು ಎಂದು ಓಣಿಯವರೆಲ್ಲ ಹೇಳಿದ್ದರಂತೆ. ಸುಲ್ತಾನಾಬಿ ಕೊಟ್ಟಿಲ್ಲ, ಹೊಲಿದಿದ್ದಾಳೆ. ಚೌಕಡಿ ಅಂಗಿಯ ಎದೆಯ ಕಿಸೆಯನ್ನು ಕತ್ತರಿಸದೆ ಹಾಗೇ ಉಳಿಸಿದ್ದಾಳೆ. ಆ ಕಿಸೆ ಸಣ್ಣಗೆ ಅಲುಗುತ್ತಿತ್ತು. ಉಬ್ಬುತ್ತಿತ್ತು, ಇಳಿಯುತ್ತಿತ್ತು. ಹಿಂದೆ ಫ್ಯಾನು ಇದೆಯೆಂದು ನನಗೆ ಗೊತ್ತು. ಆದರೂ ಅಂಗೈ ಇಟ್ಟೆ. ಜ್ವರ ಬಂದವನ ಎದೆಯಷ್ಟು ಬಿಸಿ.

ಆಚೆ ಟಪ್ ಎಂದಿತು.

"ಹೋತ್ರಿ, ಕಾಕಾ" ಎಂದಳು ಸಮ್ರೀನ. ಸಣ್ಣ ದನಿ.

ನಾನು ಕೈ ತೆಗೆಯಲಿಲ್ಲ. ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಚೀಲದಲ್ಲಿ ಹೊಸ ಎಸ್‌ಎಂಪಿಎಸ್ ಇತ್ತು. ಅದನ್ನು ಹಾಕಿ, ಮೇಜನ್ನು ಮೆಲ್ಲಗೆ ಸರಿಸಿ, ಹಳೆ ಡಬ್ಬಿಯದೇ ತಪ್ಪು ಎಂದುಬಿಡಬಹುದಿತ್ತು. ಅಷ್ಟರಲ್ಲಿ ಸುಲ್ತಾನಾಬಿ ಎದ್ದು ಬಂದಳು. ನನ್ನ ಕೈ ಎಲ್ಲಿದೆಯೆಂದು ನೋಡಿದಳು. ನನ್ನ ಕೈ ಸರಿಸಿ ತನ್ನದನ್ನು ಇಟ್ಟಳು.

"ಬೆಚ್ಚಗದಾನ" ಎಂದಳು.

"ಚಾಚಿ, ಅದು ಮಶೀನಿನ ಬಿಸಿ ಗಾಳಿರಿ. ಹೊರಗ ಹೋಗಾಕ ದಾರಿ ಇಲ್ಲ, ಕೌದಿ ತಡದೈತಿ. ಡಬ್ಬಿ ಕಾದು ಬಂದ್ ಬೀಳತೈತಿ."

"ಅಂದ್ರ ನನ್ನ ಮಗನ ಅಂಗೀನ ಬಂದ್ ಮಾಡಾಕತ್ತೈತಿ." ಅವಳು ನನ್ನ ಕಡೆ ತಿರುಗಿದಳು. "ನಾ ಹೇಳಿದ್ದು ಖರೆ ಆತೋ ಇಲ್ಲೋ?"

ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು? ಅರ್ಫಾತ ನೆಲ ನೋಡುತ್ತಿದ್ದ. ಮುಗಿಯಿತು, ಹುಡುಗಿಯ ಹುಕ್ಕೇರಿಯ ದಾರಿಯನ್ನು ನಾನೇ ತೆರೆದೆ ಎಂದುಕೊಂಡೆ.

ಆಗ ಕೌದಿಯ ಆಚೆಯಿಂದ ಸಮ್ರೀನ ಮಾತಾಡಿದಳು.

"ಅಮ್ಮಾ, ಫಾರ್ಮ್ ತುಂಬೂಮುಂದ ಮಂದಿ ನಿಮ್ಮ ಮಗನ ಬೆನ್ನಮ್ಯಾಗ ಬಂದು ನಿಂತ್ರ ಏನಂತಿದ್ರರಿ ಅವರು?"

ಸುಲ್ತಾನಾಬಿ ಕಿಸೆಯ ಅಂಚನ್ನು ಬೆರಳಿನಿಂದ ಸವರಿದಳು.

"ಹೇಳ್ರಿ ಅಮ್ಮಾ."

"ಗಾಳಿ ಬಿಡ್ರೋ ಅಂತಿದ್ದ."

"ಈಗ ಅವರ ಬಂದು ಮಶೀನಿನ ಮೈಮ್ಯಾಗ ನಿಂತಾರ್ರಿ. ಪಿರೂತಿಗೆ. ಬಂದ್ ಮಾಡಾಕಲ್ಲ, ನೋಡಾಕ. ಹೋಗು ಅನಬ್ಯಾಡ್ರಿ ಅಮ್ಮಾ. ಒಂಚೂರ ಸರಿ ಅನ್ರಿ. ನೀವು ಹೇಳಿದ್ರ ಕೇಳ್ತಾರ."

ಮುದುಕಿ ಕಿಸೆಯನ್ನು ಎರಡು ಸಲ ತಟ್ಟಿದಳು, ಬಾಗಿಲಲ್ಲಿ ಅಡ್ಡ ಮಲಗಿದ ಮಗನನ್ನು ಎಬ್ಬಿಸುವ ಹಾಗೆ. ಮನೆಯ ಭಾಷೆಯಲ್ಲಿ ಅಂದಳು: "ಸರಕ್ ಬೇಟಾ. ಜರಾ ಸರಕ್."

ಅರ್ಫಾತ ಕುರ್ಚಿ ಹತ್ತಿ, ಮೊಳೆ ಕಿತ್ತು, ತಂತಿಯನ್ನು ಒಂದು ಗೇಣು ಈಚೆ ಕಟ್ಟಿದ. ಕೌದಿಯನ್ನು ಮತ್ತೆ ಏರಿಸಲು ಸುಲ್ತಾನಾಬಿ ಯಾರನ್ನೂ ಮುಟ್ಟಗೊಡಲಿಲ್ಲ, ತಾನೇ ಏರಿಸಿದಳು. ನಾನು ಹೊಸ ಡಬ್ಬಿ ಕೂರಿಸಿದೆ. ಸಮ್ರೀನ ಪರದೆ ಎಳೆದುಕೊಂಡು ಕೂತಳು. ಮಧ್ಯಾಹ್ನದ ಊಟವಾಯಿತು, ಗಿರಾಕಿಗಳು ಬಂದು ಹೋದರು, ಮಮದಾಪುರದ ಒಬ್ಬ ರೈತ ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿದೆಯೆಂದು ಪರದೆಯ ಜೊತೆ ಜಗಳವಾಡಿದ, ಪರದೆಯೂ ಬಿಡದೆ ಜಗಳವಾಡಿತು. ಮಶೀನು ಆರಲಿಲ್ಲ.

ಹೊರಡುವಾಗ ನೋಡಿದೆ. ಸುಲ್ತಾನಾಬಿ ಈಚೆಯ ಸ್ಟೂಲಿನ ಮೇಲೆ ಕೂತು ಅಂಗೈಯನ್ನು ಮತ್ತೆ ಆ ಕಿಸೆಯ ಮೇಲಿಟ್ಟಿದ್ದಳು. "ಆತೇನ್ರಿ ಚಾಚಿ?" ಎಂದೆ. "ಆತಪಾ" ಎಂದಳು. ಸ್ವಲ್ಪ ತಡೆದು, ನನಗೆ ಕೇಳಲೆಂದಲ್ಲ, "ಥಣ್ಣಗಾದಾನ" ಎಂದಳು.

ಚೆನ್ನಾಗಿ ರಿಪೇರಿಯಾದ ದಿನ ನನಗೆ ಹಸಿವು ಜೋರು. ಇವತ್ತು ಕಟ್ಟೆಯ ಮೇಲೆ ಗಿರಮಿಟ್ಟಿನ ಪೊಟ್ಟಣ ಬಿಚ್ಚಿದ್ದೇನೆ, ಹಾಗೇ ಇದೆ. ಅದು ಆರುತ್ತಿದ್ದಷ್ಟು ದಿನ ನೀನು ಅಲ್ಲೆಲ್ಲೋ ಇದ್ದೆ.

ಫೆಬ್ರುವರಿ 20, ಗುರುವಾರ

ಸೈಫಾ, ಎಲ್ಲ ನಿನಗೆ ಹೇಳಬೇಕು, ಕೇಳು. ಬೆಂಚಿನ ಮೇಲೆ ಪೆಟ್ಟಿಗೆಗಳನ್ನು ಇಟ್ಟಿದ್ದೆ, ಇವತ್ತು ಎತ್ತಿ ಜಾಗ ಮಾಡಿದ್ದೇನೆ.

ಮಶೀನು ಒಮ್ಮೆಯೂ ನಿಂತಿಲ್ಲ. ನಿನ್ನ ತಾಯಿ ಹುಕ್ಕೇರಿಗೆ ತಾನೇ ಫೋನು ಮಾಡಿಸಿದಳಂತೆ. ಅರ್ಫಾತ ನಿನ್ನೆ ಅವಳ ದನಿಯನ್ನೇ ಅಣಕಿಸಿ ಹೇಳಿದ: "ಈದಿಗೆ ಬಂದು ಮಗಳನ್ನ ನೋಡ್ಕೊಂಡು ಹೋಗ್ರಿ, ಶೀರಖುರ್ಮಾ ಕುಡದು ಹೋಗ್ರಿ. ಕರಕೊಂಡು ಹೋಗಾಕ ಅಂತ ಬರಬ್ಯಾಡ್ರಿ. ಬರೂಮುಂದ ಆ ಟ್ರಂಕ್ ತರ್ರಿ." ಕುರ್ಚಿ ಅವಳದಾಯಿತು. ಇದ್ದತ್ ಮುಗಿದ ಮೇಲೆ ಆ ಕೌದಿಯನ್ನು ಏನು ಮಾಡುತ್ತಾರೆಂದು ಕೇಳಿದೆ. ಅಮ್ಮ ಹೊದ್ದುಕೊಳ್ಳುತ್ತಾಳಂತೆ.

ನಿನ್ನ ಹಳೆಯ ಡಬ್ಬಿ ಇನ್ನೂ ನನ್ನ ಮೇಜಿನ ಮೇಲಿದೆ. ಅದರ ಕೆಪಾಸಿಟರು ಬದಲಿಸಿದರೆ ಯಾರಿಗಾದರೂ ಆಗುತ್ತದೆ. ಬದಲಿಸಿಲ್ಲ. ನೀನು ಏನೆನ್ನುತ್ತೀ? ಇಂದ್ರವ್ವ ಅದನ್ನು ಗುಜರಿಗೆ ಹಾಕಿ ಎನ್ನುತ್ತಾಳೆ, ಅವಳಿಗೆ ನಾನು…

ತಡಿ. ಫೋನು ಬರುತ್ತಿದೆ. ಯಾರಿದು ನೋಡೋಣ…

ಸೈಫಾ. ನಿನ್ನ ಹೆಸರು ಬರುತ್ತಿದೆ. 'ಸೈಫಅಲಿ ಮುದಲಗಿ' ಎಂದೇ ಬರುತ್ತಿದೆ, ನಾನು ಅಳಿಸಿರಲಿಲ್ಲ.

ಅಲ್ಲ. ನಿನ್ನ ಅಂಗಡಿಯ ಬೋರ್ಡಿನ ಮೇಲಿರುವುದು ಇದೇ ನಂಬರು. ಸಮ್ರೀನ ಅದನ್ನು ಮತ್ತೆ ಚಾಲೂ ಮಾಡಿಸಿರಬೇಕು. ಪ್ರಿಂಟರು ಕಾಗದ ಹಿಡಿಯುತ್ತಿಲ್ಲವೋ, ಶಾಯಿ ಮುಗಿದಿದೆಯೋ. ಎತ್ತಿದರೆ ಅವಳೇ ಮಾತಾಡುತ್ತಾಳೆ, ಗೊತ್ತು.

ಇನ್ನೊಂದು ಸಲ ಬಾರಿಸಲಿ.

ಹಾಂ. ನಿನ್ನ ಫೋನು ಎತ್ತಬೇಕು, ಇಡುತ್ತೇನೆ.